ಮಾಹಿತಿ ಕೊಟ್ಟವರು: ಹೆಂಡತಿ

ಆ ಅಣ್ಣ ಮಾಲೆ ಹಾಕಿದ್ದು ಸೋಮವಾರ ಬೆಳಗ್ಗೆ, 2023ರ ಕಾರ್ತೀಕದಲ್ಲಿ. ಶಬರಿಮಲೆಗೆ ಹೋಗಿ ಬರೋವರೆಗೂ ಮದ್ಯ ಮುಟ್ಟಲ್ಲ ಅಂತ ಹಿಂದಿನ ರಾತ್ರಿ ಹೆಂಡತಿ ತಲೆ ಮೇಲೆ ಕೈಯಿಟ್ಟು ಹೇಳಿ, ಬೆಳಗ್ಗೆ ತಣ್ಣೀರು ಸ್ನಾನ ಮಾಡಿ ಗುರುಸ್ವಾಮಿ ಕೈಯಿಂದ ಮಾಲೆ ಹಾಕಿಸ್ಕೊಂಡಿದ್ರು. ಮಂಗಳವಾರ ಬೆಳಗಿನ ಜಾವ ಪೂಜೆಗೆ ಅಂತ ಎದ್ದವರು ಅಲ್ಲೇ ಬಿದ್ರು, ಫಿಟ್ಸ್ ಬಂತು. ಬುಧವಾರ ರಾತ್ರಿ ಗೋಡೆ ಮೇಲೆ ಇರುವೆ ಸಾಲು ಹೋಗ್ತಿದೆ ಅಂತ ಕೂಗಾಡಿದ್ರು, ಆಮೇಲೆ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಲ್ಲಿ ಏನನ್ನೋ ಹಿಡಿದು ಕೆಳಕ್ಕೆ ಒತ್ತೋದು, ತಿರುಗಿಸೋದು, ಪಕ್ಕಕ್ಕೆ ಎಸೆಯೋದು, ಮತ್ತೆ ಹಿಡಿಯೋದು, ಬಿಡದೆ ಇದೇ. ಏನು ಮಾಡ್ತಿದಾರೆ ಅಂತ ಮನೆಯವರಿಗೆ ಗೊತ್ತಾಗೋಕೆ ಸ್ವಲ್ಪ ಹೊತ್ತು ಹಿಡೀತು. ತೆಂಗಿನಕಾಯಿ ಸುಲೀತಿದ್ರು. ಕಾಯಿ ಇಲ್ಲ, ಸಲಾಕೆ ಇಲ್ಲ, ಬರೀ ಗಾಳಿ.

ಇದು ತುಮಕೂರು ಜಿಲ್ಲೆ ತೆಂಗಿನ ಸೀಮೆಯ ಒಂದು ಕಾಲೋನಿ ಕಥೆ. ಯಾವ ತಾಲ್ಲೂಕು, ಯಾವ ಊರು ಅಂತ ಬರೆಯಲ್ಲ, ಹೆಸರುಗಳೂ ಬೇಡ, ಬರೆಯೋಕೆ ಆ ಗಂಡ ಹೆಂಡತಿ ಇಬ್ಬರೂ ಒಪ್ಪಿದಾರೆ ಅಷ್ಟು ಸಾಕು. ನಾನು ಒಂದು ಸಣ್ಣ ಟೀಮಲ್ಲಿ ಕೌನ್ಸೆಲರ್, ಮನೆ ಮನೆಗೆ ಹೋಗೋ ಕೆಲಸ. ಈ ಕೇಸನ್ನ ಪೂರ್ತಿ ಬರೀಬೇಕು ಅಂತ ಯಾಕೆ ಅನ್ನಿಸ್ತು ಅಂದ್ರೆ, ಬಡವರಿಗೆ ಮಾನಸಿಕ ಆರೋಗ್ಯ ಸೇವೆ ವಿಸ್ತರಿಸಬೇಕು ಅಂತ ಮೀಟಿಂಗಲ್ಲಿ ಮಾತಾಡುವಾಗೆಲ್ಲ ನಾವು ಹಾಸಿಗೆ ಎಷ್ಟು, ಡಾಕ್ಟರು ಎಷ್ಟು, ಸೆಂಟರ್ ಎಷ್ಟು ಅಂತ ಲೆಕ್ಕ ಹಾಕ್ತೀವಿ, ಈ ಕೇಸಲ್ಲಿ ಅವೆಲ್ಲ ತಕ್ಕ ಮಟ್ಟಿಗೆ ಇದ್ವು, ಆದ್ರೂ ಎರಡು ಸಲ ಕುಸಿದು ಬಿತ್ತು. ಯಾಕೆ ಅಂತ ನನಗೆ ಗೊತ್ತಾಗಿದ್ದು ಆಸ್ಪತ್ರೆ ಫೈಲಿನ ಒಂದೇ ಒಂದು ಸಾಲಿಂದ, ಅದನ್ನ ಮುಂದೆ ಹೇಳ್ತೀನಿ.

ಆ ರಾತ್ರಿ

ಫಿಟ್ಸ್ ಬಂದಾಗ ಕಾಲೋನಿಯವರು ಹೇಳಿದ್ದು ಸ್ವಾಮಿ ಮುನಿದವ್ನೆ, ಮಡಿಯಲ್ಲಿ ಏನೋ ತಪ್ಪಾಗೈತೆ ಅಂತ. ಹಾಗಂದವರ ಮೇಲೆ ನನಗೆ ಕೋಪ ಇಲ್ಲ. ದಿನಾ ಕುಡಿಯುವಾಗ ನೆಟ್ಟಗೆ ಓಡಾಡ್ಕೊಂಡಿದ್ದ ಮನುಷ್ಯ, ಬಿಟ್ಟ ಮಾರನೇ ದಿನ ಬಿದ್ರೆ ಯಾರಿಗಾದ್ರೂ ಹಾಗೇ ಅನ್ಸುತ್ತೆ. ಆದ್ರೆ ವಿಷಯ ಏನಂದ್ರೆ ವರ್ಷಗಟ್ಟಲೆ ದಿನಾ ಕುಡಿದ ದೇಹದಲ್ಲಿ ಮೆದುಳು ಆ ಮದ್ಯಕ್ಕೆ ಹೊಂದ್ಕೊಂಡೇ ಕೆಲಸ ಮಾಡ್ತಿರುತ್ತೆ, ಒಂದೇ ಏಟಿಗೆ ನಿಲ್ಲಿಸಿದ್ರೆ ಹಿಡಿತ ತಪ್ಪುತ್ತೆ, ಕೈ ನಡುಕ ಬೆವರು ಮೊದಲ ದಿನವೇ, ಫಿಟ್ಸ್ ಬರೋದಾದ್ರೆ ಸಾಮಾನ್ಯವಾಗಿ ಮೊದಲ ಎರಡು ದಿನದೊಳಗೆ, ಎರಡು ಮೂರು ದಿನ ಆದ್ಮೇಲೆ ಈ ಥರ ಕಣ್ಣಿಗೆ ಇಲ್ಲದ್ದು ಕಾಣೋದು, ದಿನ ವಾರ ಗೊತ್ತಾಗದೇ ಇರೋದು. ಇದಕ್ಕೆ ಡೆಲಿರಿಯಂ ಅಂತಾರೆ, ಚಿಕಿತ್ಸೆ ಇಲ್ಲದಿದ್ರೆ ಜೀವಕ್ಕೇ ಅಪಾಯ. ಮನುಷ್ಯ ತಾನು ದಿನಾ ಮಾಡೋ ಕೆಲಸವನ್ನೇ ಗಾಳಿಯಲ್ಲಿ ಮಾಡೋದೂ ಅದರದ್ದೇ ಲಕ್ಷಣ, ದರ್ಜಿ ಆದ್ರೆ ಹೊಲೀತಾರೆ, ಡ್ರೈವರ್ ಆದ್ರೆ ಸ್ಟೇರಿಂಗ್ ತಿರುಗಿಸ್ತಾರೆ. ಮಾಲೆ ಹಾಕೋರು, ಹರಕೆ ಹೊತ್ತೋರು, ಜೈಲಿಗೆ ಹೋದೋರು, ಆಪರೇಷನ್‌ಗೆ ಅಡ್ಮಿಟ್ ಆದೋರು, ಹೀಗೆ ಥಟ್ಟನೆ ಬಿಟ್ಟವರಲ್ಲಿ ಇದು ಆಗ್ತಾನೇ ಇರುತ್ತೆ. ನಮ್ಮ ಕಡೆ ಕಾರ್ತೀಕ ಬಂತು ಅಂದ್ರೆ ಎಷ್ಟೋ ಕುಡುಕರು ನಿಜವಾಗ್ಲೂ ಮನಸ್ಸು ಮಾಡಿ ಬಿಡ್ತಾರೆ, ಅದು ದೊಡ್ಡ ಅವಕಾಶ, ಗುರುಸ್ವಾಮಿಗಳಿಗೆ ಒಂದು ಮಾತು ಗೊತ್ತಿದ್ರೆ ಸಾಕು, ದಿನಾ ಬೆಳಗ್ಗೆ ಎದ್ದ ತಕ್ಷಣ ಕುಡಿಯೋನು ಮಾಲೆ ಹಾಕೋಕೆ ಮೊದಲು ಒಂದು ಸಲ ಡಾಕ್ಟರ್ ನೋಡಿ ಬರಲಿ ಅಂತ.

ಬುಧವಾರ ರಾತ್ರಿ ಹನ್ನೊಂದಕ್ಕೆ ಆಶಾ ಕಾರ್ಯಕರ್ತೆ ಬಂದು ನೋಡಿದ್ರು. ಆಕೆ ಕೇಳಿದ ಮೊದಲ ಪ್ರಶ್ನೆ, "ಕೊನೇ ಸಲ ಯಾವಾಗ ಕುಡಿದಿದ್ದು?" ಅಷ್ಟೇ, ತಕ್ಷಣ 108ಕ್ಕೆ ಫೋನ್. ತಾಲ್ಲೂಕು ಆಸ್ಪತ್ರೆಯಿಂದ ಆ ರಾತ್ರಿನೇ ತುಮಕೂರು ಜಿಲ್ಲಾಸ್ಪತ್ರೆಗೆ ಕಳಿಸಿದ್ರು. ಅಲ್ಲಿ ಗ್ಲೂಕೋಸ್ ಹಾಕೋಕೆ ಮುಂಚೆ ಥಯಮಿನ್ ಇಂಜೆಕ್ಷನ್ ಕೊಟ್ರು. ಥಯಮಿನ್ ಅಂದ್ರೆ ಬಿ1 ವಿಟಮಿನ್, ಊಟ ಬಿಟ್ಟು ಕುಡಿಯೋರಲ್ಲಿ ಇದು ಖಾಲಿ ಆಗಿರುತ್ತೆ, ಇದನ್ನ ಕೊಡದೇ ಬರೀ ಗ್ಲೂಕೋಸ್ ಏರಿಸಿದ್ರೆ ನೆನಪಿನ ಶಕ್ತಿಗೇ ಶಾಶ್ವತ ಪೆಟ್ಟು ಬೀಳಬಹುದು. ಸುಸ್ತು ಅಂದ ಕೂಡಲೇ "ಒಂದು ಬಾಟ್ಲಿ ಗ್ಲೂಕೋಸ್ ಹಾಕ್ಬಿಡಿ" ಅನ್ನೋ ನಮ್ಮೂರುಗಳಲ್ಲಿ ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ. ನಡುಕ, ಫಿಟ್ಸ್ ತಡೆಯೋ ಮಾತ್ರೆ ದಿನಾ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ ಬಂದ್ರು. ಒಂಬತ್ತು ದಿನಕ್ಕೆ ಡಿಸ್ಚಾರ್ಜ್. ಮನೆಗೆ ಬಂದಾಗ ಮುಖದಲ್ಲಿ ಕಳೆ ಇತ್ತು, ಮಗಳನ್ನ ಕರೆದು ಪಕ್ಕದಲ್ಲಿ ಕೂರಿಸ್ಕೊಂಡ್ರು.

ಹಿಂದಿನ ಕಥೆ

ಇವರು ಕುಡಿಯೋಕೆ ಶುರು ಮಾಡಿದ್ದು ಹದಿನೈದನೇ ವಯಸ್ಸಲ್ಲಿ, ಆಗ ಪ್ಯಾಕೆಟ್ ಸಾರಾಯಿ ಕಾಲ. 2007ರ ಜುಲೈ 1ಕ್ಕೆ ಸರ್ಕಾರ ಸಾರಾಯಿ ನಿಲ್ಲಿಸ್ತು, ಊರಲ್ಲಿ ಹೆಂಗಸರು ದೇವರಿಗೆ ಕಾಯಿ ಒಡೆಸಿದ್ರಂತೆ, ಅದನ್ನ ಇವರ ತಾಯಿನೇ ನನಗೆ ಹೇಳಿದ್ದು. ಆದ್ರೆ ಪ್ಯಾಕೆಟ್ ಹೋದ ಜಾಗಕ್ಕೆ 90 ಎಂಎಲ್ ಟೆಟ್ರಾ ಪ್ಯಾಕ್ ಬಂತು, ಅದು ಪೆಟ್ಟಿಗೆ ಅಂಗಡಿಗಳಲ್ಲಿ ಕದ್ದು ಮುಚ್ಚಿ ಬೆಳಗ್ಗೆ ಆರಕ್ಕೇ ಸಿಗ್ತಿತ್ತು, ಒಂದೇ ವ್ಯತ್ಯಾಸ ಅಂದ್ರೆ ರೇಟು ಜಾಸ್ತಿ.

ಕೆಲಸ ಕಾಯಿ ಸುಲಿಯೋದು. ಗೊತ್ತಿಲ್ಲದೋರಿಗೆ ಹೇಳ್ತೀನಿ, ನಮ್ಮ ಕಡೆ ಕೊಬ್ಬರಿ ಅಂದ್ರೆ ಕಾಯಿನ ಅಟ್ಟದ ಮೇಲೆ ಹೆಚ್ಚು ಕಮ್ಮಿ ಒಂದು ವರ್ಷ ಹಾಕಿಟ್ಟು, ನೀರು ಬತ್ತಿ ಒಳಗೆ ಗಡಗಡ ಅನ್ನೋವರೆಗೂ ಕಾದು, ಆಮೇಲೆ ಸುಲಿದು ಚಿಪ್ಪು ಒಡೆದು ತೆಗೆಯೋದು. ಅಟ್ಟ ಇರೋದು ತೋಟ ಇರೋರ ಹತ್ರ. ಸುಲಿಯೋರಿಗೆ ಸಾವಿರ ಕಾಯಿಗೆ ಇಷ್ಟು ಅಂತ ಕೂಲಿ. ನೆಲಕ್ಕೆ ನೆಟ್ಟ ಚೂಪು ಸಲಾಕೆಗೆ ಕಾಯಿ ಚುಚ್ಚಿ ತಿರುಗಿಸಿ ಸಿಪ್ಪೆ ಕೀಳಬೇಕು, ಕೈ ಒಂದಿಷ್ಟು ನಡುಗಿದ್ರೂ ಸಲಾಕೆ ಅಂಗೈಗೇ ಇಳಿಯುತ್ತೆ. ಹಿಂಗಾಗಿ ಬೆಳಗ್ಗೆ ಮೊದಲ ಪ್ಯಾಕ್ ಕುಡಿಯೋದು ಮಜಾಕ್ಕಲ್ಲ, ಕೈ ನಿಲ್ಲಲಿ ಅಂತ. "ಕುಡೀದೆ ಹೋದ್ರೆ ಕೈ ಹೋಯ್ತದೆ ಮೇಡಂ, ಕುಡುದ್ರೆ ಮನೆ ಹೋಯ್ತದೆ" ಅಂತ ಆ ಅಣ್ಣ ಒಂದ್ಸಲ ನನಗೆ ಅಂದಿದ್ರು, ಅವತ್ತಿಡೀ ಆ ಮಾತು ತಲೆಯಿಂದ ಹೋಗ್ಲಿಲ್ಲ. ಶನಿವಾರ ಬಟವಾಡೆ, ಅದೂ ಮೇಸ್ತ್ರಿ ದುಡ್ಡು ಹಂಚ್ತಿದ್ದಿದ್ದು ಬಾರ್ ಪಕ್ಕದ ಟೀ ಅಂಗಡಿ ಮುಂದೆ.

ಇದಕ್ಕೆ ಎರಡು ವರ್ಷ ಮುಂಚೆ ಮನೆಯವರು ಒಂದು ಖಾಸಗಿ ಕುಡಿತ ಬಿಡಿಸೋ ಸೆಂಟರಿಗೆ ಸೇರಿಸಿದ್ರು. ಯಾವುದು ಅಂತ ಬರೆಯಲ್ಲ. ರಾತ್ರಿ ಕಾರಲ್ಲಿ ಬಂದು ಎತ್ಕೊಂಡು ಹೋದ್ರಂತೆ, ತಿಂಗಳುಗಟ್ಟಲೆ ಒಂದು ಮನೆಯಲ್ಲಿ ಕೂಡಿ ಹಾಕಿ, ಎದುರು ಮಾತಾಡಿದೋರಿಗೆ ಹೊಡೆತ. ಅದಕ್ಕೆ ಆಯಮ್ಮ, ಅಂದ್ರೆ ಇವರ ಹೆಂಡತಿ, ಸಂಘದಲ್ಲಿ ಸಾಲ ಎತ್ತಿದ್ರು, ಈಗಲೂ ವಾರದ ಕಂತು ಕಟ್ತಿದಾರೆ. ಹೊರಗೆ ಬಂದ ವಾರಕ್ಕೇ ಮತ್ತೆ ಶುರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಕುಡಿತದಿಂದ ಬರೋ ಮಾನಸಿಕ ತೊಂದರೆನೂ ಮಾನಸಿಕ ಕಾಯಿಲೆನೇ, ಅಂಥೋರನ್ನ ಇಟ್ಕೊಂಡು ಚಿಕಿತ್ಸೆ ಕೊಡೋ ಜಾಗ ನೋಂದಣಿ ಆಗಿರಲೇಬೇಕು, ಯಾರನ್ನೂ ಸರಪಳಿ ಹಾಕಿ ಕಟ್ಟೋ ಹಾಗಿಲ್ಲ, ಕ್ರೂರವಾಗಿ ನಡೆಸ್ಕೊಳ್ಳೋ ಹಾಗಿಲ್ಲ. ಬಡತನ ರೇಖೆ ಕೆಳಗಿರೋರಿಗೆ ಬಿಪಿಎಲ್ ಕಾರ್ಡ್ ಕೈಯಲ್ಲಿ ಇಲ್ಲದಿದ್ರೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ಹಕ್ಕು ಅಂತ ಅದೇ ಕಾಯ್ದೆ 18ನೇ ಸೆಕ್ಷನ್ ಹೇಳುತ್ತೆ. ಉಚಿತವಾಗಿ ಸಿಗಬೇಕಾದ್ದಕ್ಕೆ ಆಯಮ್ಮ ಸಾಲ ಮಾಡಿ ಹೊಡೆತ ಕೊಂಡ್ಕೊಂಡ್ರು, ಯಾಕಂದ್ರೆ ಆ ಹಕ್ಕು ಇದೆ ಅಂತ ಆ ಕಾಲೋನಿಗೆ ಯಾರೂ ಬಂದು ಹೇಳಿರಲಿಲ್ಲ.

ಮಂಗಳವಾರಗಳು

ಡಿಸ್ಚಾರ್ಜ್ ಚೀಟಿಯಲ್ಲಿ ಹದಿನೈದು ದಿನದ ಮಾತ್ರೆ, ಆಮೇಲೆ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಬನ್ನಿ ಅಂತ. ಕರ್ನಾಟಕದಲ್ಲಿ ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರ್ತಾರೆ. ಒಳ್ಳೆ ಕಾರ್ಯಕ್ರಮ, ನಾನು ಮನಸ್ಸಿಂದ ಹೇಳ್ತೀನಿ, ಅದು ಇಲ್ಲದಿದ್ದ ಕಾಲದಲ್ಲಿ ಎಲ್ಲಕ್ಕೂ ಬೆಂಗಳೂರೇ ಗತಿ ಆಗಿತ್ತು. ಆದ್ರೆ ಕಾಲೋನಿಯಿಂದ ಆಸ್ಪತ್ರೆಗೆ ಹದಿನಾಲ್ಕು ಕಿಲೋಮೀಟರ್, ಬೆಳಗ್ಗೆ ಬಸ್ಸು, ಕ್ಯೂ, ಚೀಟಿ, ಮಾತ್ರೆ ಕೌಂಟರ್, ವಾಪಸ್ ಬರೋ ಹೊತ್ತಿಗೆ ಸಾಯಂಕಾಲ. ಒಂದು ದಿನದ ಕೂಲಿ ಹೋಯ್ತು. ಬರೀ ಅಷ್ಟೇ ಅಲ್ಲ, ಆರು ಜನರ ಗುಂಪಲ್ಲಿ ಒಬ್ಬ ಕಮ್ಮಿ ಆದ್ರೆ ಉಳಿದೋರಿಗೂ ಲೆಕ್ಕ ಕೆಡುತ್ತೆ, ಮುಂದಿನ ವಾರ ಮೇಸ್ತ್ರಿ ಬೇರೆಯವರನ್ನ ಕರೀತಾನೆ.

ಮೊದಲ ಮಂಗಳವಾರ ಇಬ್ಬರೂ ಹೋದ್ರು. ಎರಡನೇದಕ್ಕೆ ಆಯಮ್ಮ ಒಬ್ಬರೇ. ಶಕ್ತಿ ಯೋಜನೆ ಬಂದಿತ್ತಲ್ಲ, ಹೆಂಗಸರಿಗೆ ಬಸ್ ಫ್ರೀ, ಗಂಡಸರಿಗೆ ಟಿಕೆಟ್, "ಇಬ್ರು ಯಾಕೆ ಹೋಗೋದು, ನೀನೇ ಹೋಗಿ ಗುಳಿಗೆ ತಗಂಬಾ" ಅಂತ ಆಯ್ತು. ಅವತ್ತು ಆಯಮ್ಮನ ಕೂಲಿನೂ ಹೋಯ್ತು, ಕೊಬ್ಬರಿ ಒಡೆಯೋ ಕೆಲಸ ಅವರದ್ದು. ಮೂರನೇ ಸಲ ಹೋದಾಗ ಒಂದು ಮಾತ್ರೆ ಸ್ಟಾಕ್ ಇರ್ಲಿಲ್ಲ, ಹೊರಗಡೆ ತಗೊಳ್ಳಿ ಅಂದ್ರು, ತಗೊಳ್ಳೋಕೆ ದುಡ್ಡಿರ್ಲಿಲ್ಲ. ಆ ಶನಿವಾರ ಬಟವಾಡೆ ಆಯ್ತು. ಆ ಅಣ್ಣ ರಾತ್ರಿ ಹತ್ತಕ್ಕೆ ಮನೆಗೆ ಬಂದಾಗ ಮಾಲೆ ಕಳಚಿ ಜೇಬಲ್ಲಿ ಇಟ್ಕೊಂಡಿದ್ರಂತೆ.

ಇಲ್ಲಿಗೆ ಮೊದಲ ಸಲ ಕುಸಿದಿದ್ದು. ನಾವು ಇದನ್ನ ರಿಲಾಪ್ಸ್ ಅಂತ ಬರ್ಕೊಂಡ್ವಿ. ಮರಳಿ ಕುಡಿಯೋದು ಈ ಕಾಯಿಲೆಯಲ್ಲಿ ಸಾಮಾನ್ಯ, ಅದಕ್ಕೆ ಸೋಲು ಅಂತ ತಿಳ್ಕೋಬಾರ್ದು ಅಂತ ನಾವು ಎಲ್ಲರಿಗೂ ಹೇಳ್ತೀವಿ, ಆಯಮ್ಮಂಗೂ ಹೇಳಿದ್ವಿ. ಆಮೇಲೆ ಇನ್ನಷ್ಟು ಹೇಳಿದ್ವಿ. ನೀವೇ ಮಾತ್ರೆ ಕೈಗೆ ಕೊಡಿ, ನುಂಗೋದನ್ನ ನೋಡಿ. ಬೈಬೇಡಿ. ದುಡ್ಡು ಕೈಗೆ ಸಿಗದ ಹಾಗೆ ನೋಡ್ಕೊಳ್ಳಿ. ರಾತ್ರಿ ನಿದ್ದೆ ಮಾಡ್ತಾರಾ ನೋಡಿ. ತೊಂದರೆ ಆದ್ರೆ ಫೋನ್ ಮಾಡಿ. ಮಂಗಳವಾರ ತಪ್ಪಿಸ್ಬೇಡಿ. ನನ್ನ ಡೈರಿಯಲ್ಲೇ ಇದೆ, ನನ್ನ ಕೈಬರಹದಲ್ಲೇ. ಒಂದು ಕೂಲಿ, ಒಂದು ಮನೆ, ಒಂದು ಮಗು, ಒಂದು ವಾರದ ಕಂತು, ಅದರ ಮೇಲೆ ನಾನು ಹೊರಿಸಿದ ಈ ಆರು ಕೆಲಸ. ಆಯಮ್ಮ ಎಲ್ಲಕ್ಕೂ "ಆಯ್ತು ಮೇಡಂ" ಅಂದ್ರು.

ಸಾರಿಗೆ ಹಾಕೋ ಪುಡಿ

ಜನವರಿಯಲ್ಲಿ ಯಾರೋ ಹೇಳಿದ್ರಂತೆ, ಒಂದು ಪುಡಿ ಸಿಗುತ್ತೆ, ಸಾರಲ್ಲಿ ಗೊತ್ತಾಗದ ಹಾಗೆ ಕಲಸಿ ಕೊಟ್ರೆ ಕುಡಿತ ತಾನಾಗೇ ಬಿಡುತ್ತೆ. ಆಯಮ್ಮ ಕೊಟ್ರು. ಅವತ್ತು ಸಂಜೆ ಕುಡಿದು ಬಂದ ಆ ಅಣ್ಣನಿಗೆ ಮುಖ ಕುತ್ತಿಗೆ ಎಲ್ಲ ಕೆಂಪಾಗಿ, ಎದೆ ಢವಢವ ಅಂತ, ವಾಂತಿ ಮೇಲೆ ವಾಂತಿ, ಕಣ್ಣು ಕತ್ತಲೆ ಬಂದು ಕುಸಿದ್ರು. ಮತ್ತೆ 108.

ಆ ಪುಡಿಯಲ್ಲಿ ಏನಿತ್ತೋ, ಪ್ಯಾಕೆಟ್ ಮೇಲೆ ಏನೂ ಬರೆದಿರ್ಲಿಲ್ಲ. ಆದ್ರೆ ಡೈಸಲ್ಫಿರಾಂ ಅಂತ ಒಂದು ಔಷಧಿ ಇದೆ, ಅದು ದೇಹದಲ್ಲಿದ್ದಾಗ ಕುಡಿದ್ರೆ ಆಗೋದು ಥೇಟ್ ಹೀಗೇ. ಮದ್ಯ ದೇಹದಲ್ಲಿ ಒಡೆಯುವಾಗ ಮಧ್ಯದಲ್ಲಿ ಒಂದು ವಿಷಕಾರಿ ಅಂಶ ಹುಟ್ಟುತ್ತೆ, ಮಾಮೂಲಿ ಆಗಿ ಅದು ಬೇಗ ಕರಗುತ್ತೆ, ಈ ಔಷಧಿ ಅದನ್ನ ಕರಗೋಕೆ ಬಿಡಲ್ಲ. ಬಿಪಿ ಬೀಳಬಹುದು, ಹೃದಯ ತೊಂದರೆ ಇರೋರ ಪ್ರಾಣವೇ ಹೋಗಬಹುದು, ಮಾತ್ರೆ ನಿಲ್ಲಿಸಿ ಎರಡು ವಾರ ಆದ್ರೂ ಅದರ ಪ್ರಭಾವ ಇರಬಹುದು. ಅದಕ್ಕೇ ಡಾಕ್ಟರು ಇದನ್ನ ರಕ್ತ, ಲಿವರ್ ಟೆಸ್ಟ್ ಮಾಡಿ, ಕುಡಿಯೋನಿಗೇ ಎಲ್ಲ ವಿವರಿಸಿ, ಅವನು ಒಪ್ಪಿದ್ರೆ ಮಾತ್ರ ಶುರು ಮಾಡೋದು. ಗೊತ್ತಿಲ್ಲದ ಹಾಗೆ ಊಟದಲ್ಲಿ ಹಾಕೋದು ಚಿಕಿತ್ಸೆ ಅಲ್ಲ. ದಯವಿಟ್ಟು ಇದನ್ನ ಓದ್ತಿರೋರು ನಿಮ್ಮ ಕಡೆ ಯಾರಾದ್ರೂ ಇಂಥ ಪುಡಿ ಮಾರ್ತಿದ್ರೆ ನಾಲ್ಕು ಜನಕ್ಕೆ ಹೇಳಿ.

ಆ ಅಣ್ಣ ಬದುಕಿದ್ರು. ಆದ್ರೆ ಮನೆಯಲ್ಲಿ ಊಟ ಮಾಡೋದು ಬಿಟ್ರು. ಹೆಂಡತಿ ಬಡಿಸಿದ ತಟ್ಟೆನ ಪಕ್ಕಕ್ಕೆ ತಳ್ಳಿ ಹೋಟ್ಲಿಗೆ ಹೋಗೋದು, ಅಲ್ಲಿಂದ ಬಾರಿಗೆ. ಕಾಲೋನಿಯಲ್ಲಿ "ಗಂಡನಿಗೆ ಮದ್ದು ಹಾಕಿದೋಳು" ಅಂತ ಮಾತಾಯ್ತು. ನಮ್ಮ ಸೀಮೆಯಲ್ಲಿ ಮದ್ದು ಹಾಕಿದಾಳೆ ಅಂದ್ರೆ ಎಂಥ ಅಪವಾದ ಅಂತ ಇಲ್ಲಿನೋರಿಗೆ ಗೊತ್ತು.

ಮೂರು ವಾರ ಆದ್ಮೇಲೆ ಆಶಾ ಕಾರ್ಯಕರ್ತೆ ನನಗೆ ಫೋನ್ ಮಾಡಿ ಹೇಳಿದ್ದು ಗಂಡನ ವಿಷಯ ಅಲ್ಲ. "ಹನ್ನೊಂದು ಗಂಟೆ ಆದ್ರೂ ಬಾಗಿಲಿಗೆ ನೀರು ಹಾಕಿಲ್ಲ ಕಣಕ್ಕ, ನಿನ್ನೆನೂ ಹಾಕಿರ್ಲಿಲ್ಲ" ಅಂದ್ರು. ಅಷ್ಟೇ ಹೇಳಿದ್ದು. ಯಾವ ಪ್ರಶ್ನಾವಳಿಯಲ್ಲೂ ಇಲ್ಲದ ಈ ಒಂದು ಲಕ್ಷಣ ಆಕೆಗೆ ಕಂಡಿದ್ದು, ಆಕೆ ದಿನಾ ಆ ಬೀದಿಯಲ್ಲಿ ನಡೀತಾರೆ ಅನ್ನೋದಕ್ಕೆ.

ಫೈಲಿನ ಆ ಸಾಲು

ಅವತ್ತು ಹೋಗೋಕೆ ಮುಂಚೆ ಆ ಅಣ್ಣನ ಫೈಲನ್ನ ಮತ್ತೆ ತೆಗೆದು ಓದಿದೆ. ಕೇಸ್ ಶೀಟಲ್ಲಿ ಮೇಲ್ಗಡೆ ಒಂದು ಕಾಲಂ ಇರುತ್ತೆ, ಮಾಹಿತಿ ಕೊಟ್ಟವರು ಯಾರು, ಅವರನ್ನ ನಂಬಬಹುದಾ ಅಂತ. ಅಲ್ಲಿ ಬರೆದಿತ್ತು: ಮಾಹಿತಿ ಕೊಟ್ಟವರು, ಹೆಂಡತಿ. ನಂಬಲರ್ಹ, ಸಾಕಷ್ಟು. ನಾಲ್ಕು ತಿಂಗಳಲ್ಲಿ ಅಷ್ಟೂ ಪುಟದಲ್ಲಿ ಆಯಮ್ಮನ ಬಗ್ಗೆ ಇದ್ದಿದ್ದು ಅದೊಂದೇ. ಗಂಡನ ಬಿಪಿ ಇದೆ, ಗಂಡನ ಲಿವರ್ ರಿಪೋರ್ಟ್ ಇದೆ, ಗಂಡನ ನಿದ್ದೆ, ಗಂಡನ ಹಸಿವು, ಗಂಡನ ಮೂಡು, ಎಲ್ಲ ಆಯಮ್ಮ ಹೇಳಿದ್ದೇ. ಆಯಮ್ಮ ನಿದ್ದೆ ಮಾಡ್ತಾರಾ ಅಂತ ನಮ್ಮಲ್ಲಿ ಒಬ್ಬರೂ ಕೇಳಿರ್ಲಿಲ್ಲ, ನಾನೂ ಸೇರಿ.

ಹೋಗಿ ಕೇಳಿದೆ. ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ವಾ, ಬೇಜಾರು, ಇನ್ನೇನೂ ಆಗಲ್ಲ ಅನ್ನೋ ಥರ ಇದೆಯಾ. ಎರಡಕ್ಕೂ ತಲೆ ಆಡಿಸಿದ್ರು. ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತೆ, ಮತ್ತೆ ನಿದ್ದೆ ಬರಲ್ಲ, ಊಟ ಗಂಟಲಲ್ಲಿ ಇಳಿಯಲ್ಲ, ಸಂಘಕ್ಕೆ ಹೋಗಿ ನಾಲ್ಕು ವಾರ ಆಯ್ತು. ಸಾಯೋ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿದೆ. ಹಾಗೆ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಅಂತ ತುಂಬ ಜನ ಹೆದರ್ತಾರೆ, ಹಾಗಾಗಲ್ಲ, ಕೇಳಿದಾಗ ಅವರಿಗೆ ಹೇಳೋಕೆ ಒಂದು ಬಾಗಿಲು ಸಿಗುತ್ತೆ. ಆಯಮ್ಮ ಸುಮಾರು ಹೊತ್ತು ಸುಮ್ಮನಿದ್ದು, "ಮಗಳ ಮುಖ ನೋಡ್ಕಂಡು ಇವ್ನಿ ಕಣಕ್ಕ" ಅಂದ್ರು. ಮೇಡಂ ಹೋಗಿ ಅಕ್ಕ ಆಗಿದ್ದು ಅವತ್ತೇ.

ಅಲ್ಲೇ ಕೂತು ಟೆಲಿ ಮಾನಸ್ 14416ಕ್ಕೆ ಫೋನ್ ಹಚ್ಚಿ ಸ್ಪೀಕರ್ ಆನ್ ಮಾಡಿದೆ. 2022ರ ಅಕ್ಟೋಬರ್ 10ರಿಂದ ಇರೋ ಸರ್ಕಾರದ ಉಚಿತ ಸಹಾಯವಾಣಿ ಅದು, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ನಾನು ಇಲ್ಲದ ರಾತ್ರಿ ಮೂರು ಗಂಟೆಗೆ ಆಯಮ್ಮ ತಾವೇ ಫೋನ್ ಮಾಡೋ ಹಾಗಾಗಬೇಕು ಅಂದ್ರೆ ಮೊದಲ ಸಲ ಪಕ್ಕದಲ್ಲಿ ಯಾರಾದ್ರೂ ಕೂತು ಮಾಡಿಸಬೇಕು, ನಂಬರ್ ಬರೆದು ಗೋಡೆಗೆ ಅಂಟಿಸಿದ್ರೆ ಸಾಲದು. ಎರಡು ದಿನ ಆಯಮ್ಮನ ಅಕ್ಕ ಬಂದು ಜೊತೆಗಿದ್ರು. ಮಂಗಳವಾರ ಆಯಮ್ಮನ ಹೆಸರಲ್ಲೇ ಚೀಟಿ ಮಾಡಿಸಿದ್ವಿ, ಖಿನ್ನತೆ ಅಂತ ಡಾಕ್ಟರು ಹೇಳಿದ್ರು, ಮಾತ್ರೆ ಶುರುವಾಯ್ತು. ಐದನೇ ದಿನಕ್ಕೆ "ಏನೂ ಆಗ್ಲಿಲ್ಲ, ಬುಟ್‌ಬುಟ್ಟೆ" ಅಂದ್ರು. ಈ ಮಾತ್ರೆಗಳ ಗುಣ ಗೊತ್ತಾಗೋಕೆ ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರ ಬರೀ ಹೊಟ್ಟೆ ತೊಳಸೋದು ತಲೆ ಭಾರ ಮಾತ್ರ ಗೊತ್ತಾಗೋದು, ಇದನ್ನ ಕೌಂಟರಲ್ಲಿ ಯಾರೂ ಹೇಳಿರ್ಲಿಲ್ಲ. ಹೇಳಿ ಮತ್ತೆ ಶುರು ಮಾಡಿಸಿದ್ವಿ.

ಶನಿವಾರ ಸಂಜೆ

ನನಗೆ ಅವತ್ತು ಅರ್ಥ ಆಗಿದ್ದು ಇಷ್ಟು. ನಮ್ಮ ಸೇವೆ ಪೂರ್ತಿ ನಿಂತಿದ್ದು ಆ ಹೆಂಗಸಿನ ಬೆನ್ನ ಮೇಲೆ. ಡಾಕ್ಟರು ವಾರಕ್ಕೊಂದು ದಿನ, ನಾನು ತಿಂಗಳಿಗೆ ಎರಡು ದಿನ, ಉಳಿದ ಅಷ್ಟೂ ದಿನದ ನರ್ಸು, ಕಾವಲು, ಔಷಧಿ ತರೋಳು, ಮಾಹಿತಿ ಕೊಡೋಳು ಎಲ್ಲ ಆಯಮ್ಮನೇ. ಸಂಬಳ ಇಲ್ಲ, ರಜಾ ಇಲ್ಲ. ಆ ಬೆನ್ನು ಮುರಿದಾಗ ಎಲ್ಲ ಮುರೀತು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಕುಡಿತದ ಕಾಯಿಲೆ ಇರೋರಲ್ಲಿ ನೂರಕ್ಕೆ 86 ಜನಕ್ಕೆ ಚಿಕಿತ್ಸೆನೇ ಸಿಕ್ಕಿಲ್ಲ ಅಂತ ಬಂತು. ಆ 86 ಜನರನ್ನೂ ಇಷ್ಟು ವರ್ಷ ಯಾರೋ ಮನೆಯಲ್ಲಿ ನೋಡ್ಕೊಂಡೇ ಇದಾರಲ್ಲ, ಬಹುಪಾಲು ಕಡೆ ಅದು ಹೆಂಡತಿ ಇಲ್ಲ ತಾಯಿ, ಆ ಯೋಚನೆ ಬಂದ ಮೇಲೆ ನನಗೆ ಆ ಅಂಕಿನ ಬರೀ ಅಂಕಿಯಾಗಿ ನೋಡೋಕೆ ಆಗ್ತಿಲ್ಲ.

ಹಾಗಾಗಿ ಆಯಮ್ಮನ ಮೇಲಿದ್ದ ಆ ಆರು ಕೆಲಸನ ಒಂದೊಂದಾಗಿ ಇಳಿಸ್ತಾ ಬಂದ್ವಿ.

ಹದಿನೈದು ದಿನಕ್ಕೊಂದು ಶನಿವಾರ ಸಂಜೆ ಆರೂವರೆಗೆ ಅಂಗನವಾಡಿ ಕೋಣೆ ಕೇಳಿ ಪಡೆದ್ವಿ. ಶನಿವಾರ ಯಾಕಂದ್ರೆ ಬಟವಾಡೆ ದಿನ, ಕೈಯಲ್ಲಿ ದುಡ್ಡಿರೋ ಸಂಜೆ, ಕಾಲು ಯಾವ ಕಡೆ ಹೋಗಬೇಕು ಅಂತ ಯೋಚಿಸೋ ಸಂಜೆ. ಆರೋಗ್ಯ ಮಂದಿರ, ಅಂದ್ರೆ ಊರಿನ ಸಣ್ಣ ಸರ್ಕಾರಿ ಆರೋಗ್ಯ ಕೇಂದ್ರ, ಅದರ ಸಮುದಾಯ ಆರೋಗ್ಯಾಧಿಕಾರಿ ಬರೋಕೆ ಒಪ್ಪಿದ್ರು, ಆಕೆ ಕಾಲೋನಿಗೆ ಮೊದಲೇ ಪರಿಚಯ. ಬೋರ್ಡ್ ಮೇಲೆ ಕುಡಿತ ಅಂತಲೂ ಇಲ್ಲ, ಮಾನಸಿಕ ಅಂತಲೂ ಇಲ್ಲ, ಬಿಪಿ ಶುಗರ್ ತಪಾಸಣೆ ಅಂತ ಅಷ್ಟೇ, ಮತ್ತೆ ಬಿಪಿ ಶುಗರ್ ನಿಜವಾಗ್ಲೂ ನೋಡ್ತಿದ್ವಿ. ಯಾರು ಯಾತಕ್ಕೆ ಬಂದ್ರು ಅಂತ ಹೊರಗೆ ನಿಂತೋರಿಗೆ ಗೊತ್ತಾಗಲ್ಲ. ಔಷಧಿ ಬದಲಾಯಿಸಬೇಕಾದ್ರೆ ಮನೋವೈದ್ಯರ ಹತ್ರ ಫೋನಲ್ಲಿ ಕೇಳ್ಕೊಂಡು, ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರ ಮೂಲಕ ತಿಂಗಳಿಗಾಗೋ ಮಾತ್ರೆ. ಮಾತ್ರೆ ಕೈಗೆ ಕೊಡೋ ಕೆಲಸ ಹೆಂಡತಿಯಿಂದ ತೆಗೆದು ಆ ಅಣ್ಣನ ಕೈಗೇ ಕೊಟ್ವಿ, ಸಾಕ್ಷಿಗೆ ಅವರ ಗುಂಪಲ್ಲೇ ಇದ್ದ ಭಾವಮೈದ. ಆತನೂ ಮೊದಲು ಕುಡೀತಿದ್ದು ಬಿಟ್ಟೋನು. ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಇಬ್ಬರೂ ಟೀ ಅಂಗಡಿಯಲ್ಲಿ ನುಂಗಿ ಹೊರಡೋದು.

ಮೇಸ್ತ್ರಿ ಹತ್ರ ಮಾತಾಡೋದು ಸುಲಭ ಆಗಲಿಲ್ಲ. ಮೂರು ಸಲ ಹೋದೆ. "ನಾನು ದುಡ್ಡು ಕೊಡ್ತೀನಿ, ಅವ್ರು ಎಲ್ಲಿಗ್ ಹೋದ್ರೆ ನಂಗೇನು" ಅಂದವರು ಮೂರನೇ ಸಲ ಫಿಟ್ಸ್ ಬಂದ ಕಥೆ ಕೇಳಿ, ತಮ್ಮ ತಮ್ಮನೂ ಹಾಗೇ ಹೋದ ಅಂತ ಹೇಳಿ ಕಣ್ಣು ಒರೆಸ್ಕೊಂಡ್ರು. ಈಗ ಬಟವಾಡೆ ಮಧ್ಯಾಹ್ನ ಊಟದ ಹೊತ್ತಲ್ಲಿ ಶೆಡ್ಡಲ್ಲೇ ಆಗುತ್ತೆ. ನನ್ನ ಪ್ರಕಾರ ಈ ಕೇಸಲ್ಲಿ ಯಾವ ಮಾತ್ರೆಗೂ ಕಮ್ಮಿ ಇಲ್ಲದ ಕೆಲಸ ಮಾಡಿದ್ದು ಇದು.

ಹೆಂಗಸರು ಅದೇ ಸಂಜೆ ಹಿಂದಿನ ಅಡುಗೆ ಕೋಣೆಯಲ್ಲಿ ಸೇರೋಕೆ ಶುರು ಮಾಡಿದ್ರು, ಅದನ್ನ ನಾವು ಪ್ಲಾನ್ ಮಾಡಿರ್ಲಿಲ್ಲ. ಗಂಡಂದಿರನ್ನ ಕರ್ಕೊಂಡು ಬಂದೋರು ಹೊರಗೆ ನಿಂತು ನಿಂತು ಸಾಕಾಗಿ ಒಳಗೆ ಕೂತ್ರು, ಕೂತೋರು ಮಾತಾಡಿದ್ರು. ಮದ್ದು ಹಾಕಿದೋಳು ಅನ್ನೋ ಮಾತು ಅಲ್ಲೇ ಕರಗಿದ್ದು, ಯಾಕಂದ್ರೆ ಆ ಪುಡಿನ ಇನ್ನೂ ಇಬ್ಬರು ತಂದು ಡಬ್ಬಿಯಲ್ಲಿ ಇಟ್ಕೊಂಡಿದ್ದು ಅವತ್ತು ಹೊರಗೆ ಬಂತು.

ಇದೆಲ್ಲ ಹೊಸ ಯೋಚನೆ ಏನಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಊರಿನ ಆರೋಗ್ಯ ಕಾರ್ಯಕರ್ತರು, ಕೆಲವೇ ಔಷಧಿ ಇಟ್ಕೊಂಡು ಮಾನಸಿಕ ಕಾಯಿಲೆಗೆ ಹಳ್ಳಿಯಲ್ಲೇ ಚಿಕಿತ್ಸೆ ಕೊಡಬಹುದು ಅಂತ 1985ರಿಂದಲೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ್ರು, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಗಿದ್ದು ಆ ಮಾದರಿ ಮೇಲೇ. ನಮ್ಮ ಜಿಲ್ಲೆಯ ತುರುವೇಕೆರೆ ತಾಲ್ಲೂಕಲ್ಲೇ ಸ್ಕಿಜೋಫ್ರೇನಿಯಾ ಅನ್ನೋ ತೀವ್ರ ಮಾನಸಿಕ ಕಾಯಿಲೆ ಇರೋರನ್ನ ಹಳ್ಳಿಗಳಲ್ಲಿ ಗುರುತಿಸಿ, ಅಲ್ಲೇ ಔಷಧಿ ಕೊಟ್ಟು ವರ್ಷಗಟ್ಟಲೆ ಬಿಡದೆ ಹಿಂದೆ ಬಿದ್ದು ನೋಡ್ಕೊಂಡ ಕೆಲಸ ನಡೆದಿದೆ. ದಾರಿ ಇದೆ. ಅಲ್ಲೂ ಮುಖ್ಯ ಆಗಿದ್ದು ಮೊದಲ ಭೇಟಿ ಅಲ್ಲ, ಆಮೇಲಿನ ಭೇಟಿಗಳು.

ಈಗ

ಆ ಅಣ್ಣ ಪೂರ್ತಿ ಬಿಟ್ಟಿದಾರೆ ಅಂತ ಬರೆದ್ರೆ ಸುಳ್ಳಾಗುತ್ತೆ. ಊರ ಜಾತ್ರೆಯಲ್ಲಿ ಕುಡಿದ್ರು, ನಾಲ್ಕು ದಿನ. ಐದನೇ ದಿನ ಶನಿವಾರ, ತಾವೇ ನಡ್ಕೊಂಡು ಬಂದು ಅಂಗನವಾಡಿ ಬಾಗಿಲಲ್ಲಿ ನಿಂತ್ರು, "ಒಂದೇ ಸಲ ಬಿಡಂಗಿಲ್ಲ ಅಂದಿದ್ರಲ್ಲ ಮೇಡಂ, ಅದ್ಕೆ ಬಂದೆ" ಅಂತ. ಈ ಸಲ ಫಿಟ್ಸ್ ಇಲ್ಲ, ಅಡ್ಮಿಟ್ ಇಲ್ಲ, ಪಿಎಚ್‌ಸಿ ಡಾಕ್ಟರೇ ಒಂದು ವಾರದ ಮಾತ್ರೆ ಬರೆದು ದಿನಾ ನೋಡಿದ್ರು. ಆಮೇಲೆ ಇಲ್ಲಿಯವರೆಗೆ ಕುಡಿದಿಲ್ಲ. ಹೆಂಡತಿ ಕೈ ಊಟ ಶುರು ಮಾಡಿದ್ದು ಯಾವಾಗ ಅಂತ ಇಬ್ಬರೂ ನನಗೆ ಹೇಳಿಲ್ಲ, ಒಂದು ದಿನ ಹೋದಾಗ ಮುದ್ದೆ ಉಣ್ತಾ ಕೂತಿದ್ರು, ನಾನೂ ಕೇಳಲಿಲ್ಲ.

ಆದ್ರೆ ನನಗೆ ಸಮಾಧಾನ ಇಲ್ಲದ ವಿಷಯ ಒಂದಿದೆ. ಆಯಮ್ಮನ ಬೆನ್ನಿಂದ ಇಳಿಸಿದ ಭಾರ ಎಲ್ಲಿಗೆ ಹೋಯ್ತು ಅಂತ ನೋಡಿದ್ರೆ, ಆಶಾ ಕಾರ್ಯಕರ್ತೆ ಮೇಲೆ ಮತ್ತೆ ಆರೋಗ್ಯಾಧಿಕಾರಿ ಮೇಲೆ. ಅವರೂ ಹೆಂಗಸರೇ, ಅವರಿಗೂ ಶನಿವಾರ ಸಂಜೆ ಮನೆಯಲ್ಲಿ ಮಕ್ಕಳು ಕಾಯ್ತಿರ್ತಾರೆ. ಆಶಾ ಮಾಡೋ ಒಂದೊಂದು ಕೆಲಸಕ್ಕೂ ಇಷ್ಟು ಅಂತ ಪ್ರೋತ್ಸಾಹಧನ ಇದೆ, ಬಾಗಿಲಿಗೆ ನೀರು ಹಾಕಿಲ್ಲ ಅಂತ ಗಮನಿಸಿ ಒಳಗೆ ಹೋಗಿ ಒಂದು ಗಂಟೆ ಕೂತ ಕೆಲಸಕ್ಕೆ ಆಕೆಗೆ ಒಂದು ಪೈಸೆ ಬಂದಿಲ್ಲ. ಸಂಜೆ ಬಂದ ಆರೋಗ್ಯಾಧಿಕಾರಿಗೆ ಆಟೋ ಚಾರ್ಜ್ ಸಹ ನಾವೇ ಕೂಡಿಸಿ ಕೊಡ್ತಿರೋದು. ಬಡವರಿಗೆ ಸೇವೆ ವಿಸ್ತರಿಸಬೇಕು ಅನ್ನೋರ ಹತ್ರ ನನ್ನ ಕೋರಿಕೆ ಇಷ್ಟೇ, ಆ ಸಂಜೆಯ ಎರಡು ಗಂಟೆಗೆ, ಆ ಮನೆ ಭೇಟಿಗೆ ಬಜೆಟಲ್ಲಿ ಬೇರೆ ಲೆಕ್ಕ ಮಾಡಿ ದುಡ್ಡಿಡಿ, ಪಿಎಚ್‌ಸಿಯಲ್ಲಿ ಮಾತ್ರೆ ಖಾಲಿ ಆಗದ ಹಾಗೆ ನೋಡಿ, ಆಮೇಲೆ ಕೇಸ್ ಶೀಟಲ್ಲಿ ಮಾಹಿತಿ ಕೊಟ್ಟವರು ಅನ್ನೋ ಕಾಲಂ ಕೆಳಗೆ ಇನ್ನೊಂದು ಸಾಲು ಸೇರಿಸಿ, ಅವರು ಹೇಗಿದಾರೆ ಅಂತ.

ನಮ್ಮ ಟೀಮಿನ ಶೀಟಲ್ಲಿ ಆ ಸಾಲು ಕೈಯಲ್ಲೇ ಗೆರೆ ಎಳೆದು ಸೇರಿಸಿದೀವಿ. ಹೋದ ಶನಿವಾರ ಆಯಮ್ಮ ಬಂದಿದ್ರು, ಪ್ಲಾಸ್ಟಿಕ್ ಕವರಲ್ಲಿ ಎರಡು ಫೈಲು, ಒಂದು ಗಂಡನದ್ದು, ಒಂದು ತಮ್ಮದು. ಗಂಡನ ಫೈಲ್ ತೆಗೆದು ಆ ಅಣ್ಣನ ಕೈಗೆ ಕೊಟ್ಟು, "ನಿಂದು ನೀನೇ ತೋರುಸ್ಕೋ" ಅಂತ ಹೇಳಿ ತಮ್ಮದನ್ನ ತಗೊಂಡು ಹಿಂದಿನ ಕೋಣೆಗೆ ಹೋದ್ರು.